ಅಕ್ಕಡಿ: ಯಾವುದರ ಪಕ್ಕ ಯಾವುದು?

ಕಳೆದ ಕಾರ್ತೀಕದಲ್ಲಿ ಪಕ್ಕದೂರಿನ ನೆಂಟರೊಬ್ಬರು, ವರಸೆಯಲ್ಲಿ ನನಗೆ ಭಾವ ಆಗಬೇಕು, ನಮ್ಮ ಮನೆ ಮುಂದೆ ಬೈಕ್ ನಿಲ್ಲಿಸಿದವರೇ ಜಗಳಕ್ಕೆ ನಿಂತರು. "ನೀನು ಹೇಳ್ದೆ ಅಂತ ಏಳು ಥರ ಕಾಳು ಹಾಕ್ದೆ ಕಣಪ್ಪ. ಹುಳ ಕಮ್ಮಿ ಆಗೋದಿರ್ಲಿ, ಏಳು ಥರದ ಹುಳ ಬಂದವೆ. ಬಂದು ನೋಡು ಒಂದ್ಸಲ" ಅಂದರು.

ಹೋಗಿ ನೋಡಿದೆ. ರಾಗಿ ಹೊಲದ ತುಂಬ ಹುಚ್ಚೆಳ್ಳು ಎದೆಮಟ್ಟ ಬೆಳೆದು ರಾಗಿ ಅದರ ಕೆಳಗೆ ಬಡಕಲಾಗಿ ನಿಂತಿತ್ತು. ಬದುವಿನ ಹರಳು ಗಿಡಗಳ ಎಲೆ ಜರಡಿಯಂತಾಗಿತ್ತು. ಸುತ್ತ ಮುಸುಕಿನ ಜೋಳ, ಅದರ ಸುಳಿಯಲ್ಲಿ ಹುಳದ ಹಿಕ್ಕೆ. ತೊಗರಿ ಸಾಲಿಗೆ ಅಂಟಿಕೊಂಡೇ ಹತ್ತು ಗುಂಟೆ ಟೊಮೆಟೊ, ಮೂರು ಕಾಯಿ ಕಿತ್ತರೆ ಒಂದರಲ್ಲಿ ತೂತು. ಆ ಟೊಮೆಟೊಗೆ ಅಕ್ಕನ ಹೆಸರಿನಲ್ಲಿ ಸಂಘದಿಂದ ಸಾಲ ತಂದಿದ್ದರು. ಅಕ್ಕ ನನಗೆ ಕಾಫಿ ಕೊಟ್ಟರು, ಮಾತಾಡಲಿಲ್ಲ.

ತಪ್ಪು ಅವರದ್ದಲ್ಲ. ಹಿಂದಿನ ವರ್ಷ ಜಾತ್ರೆಯಲ್ಲಿ ಸಿಕ್ಕಾಗ "ಒಂದೇ ಬೆಳೆ ಹಾಕಬೇಡಿ ಭಾವ, ಹತ್ತು ಥರ ಹಾಕಿ, ಹುಳ ತಾನೇ ಕಮ್ಮಿ ಆಗುತ್ತೆ" ಅಂತ ನಾನೇ ಹೇಳಿದ್ದೆ. ಅದು ಅರ್ಧ ಮಾತು. ಎಷ್ಟು ಥರ ಅನ್ನುವುದಕ್ಕಿಂತ ಯಾವುದರ ಪಕ್ಕ ಯಾವುದು, ಯಾವುದು ಯಾವಾಗ ಹೂ ಬಿಡುತ್ತೆ, ಅದನ್ನು ಯಾರು ದಿನಾ ನೋಡ್ತಾರೆ, ಇಷ್ಟೂ ಸೇರಿದರೇನೇ ಅಕ್ಕಡಿ. ಉಳಿದ ಆ ಅರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಜಮೀನು ತುಮಕೂರು ಜಿಲ್ಲೆಯ ಕೆಂಪು ಮಣ್ಣಿನ ಬೆದ್ದಲು, ಎರಡು ಎಕರೆ. ಜೊತೆಗೆ ಬೋರ್‌ವೆಲ್ ನೀರಿನ ಅರ್ಧ ಎಕರೆ ತರಕಾರಿ ತಾಕು. ಬೇರೆ ಕಡೆಯವರು ತಮ್ಮ ಮಣ್ಣು ಮಳೆಗೆ ತಕ್ಕಂತೆ ತಿದ್ದಿಕೊಳ್ಳಬೇಕು.

ಸಡ್ಡೆ ಬಿಟ್ಟದ್ದು, ಬಿಟ್ಟುಬಿಟ್ಟದ್ದು

ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇಡುವುದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಟಿಪ್ಪು ಕಾಲ ಮುಗಿದ ಮಾರನೇ ವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ಇಂಗ್ಲಿಷರ ಕಡೆಯ ಡಾಕ್ಟರು ಮೈಸೂರು ಸೀಮೆ ಸುತ್ತಿದ. ಅವನ ಪುಸ್ತಕ 1807ರಲ್ಲಿ ಅಚ್ಚಾಯಿತು. ರಾಗಿಯನ್ನು ಕೂರಿಗೆಯಲ್ಲಿ ಬಿತ್ತುವುದು, ನಡುವೆ ಅವರೆ ತೊಗರಿ ಸಾಲು ಬಿಡುವುದು, ಎಲ್ಲವನ್ನೂ ಅವನು ಬರೆದಿಟ್ಟಿದ್ದಾನೆ. ಕೂರಿಗೆ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆಯುವ ಒಂಟಿ ಕೊಳವೆಗೆ ನಮ್ಮ ಕಡೆ ಸಡ್ಡೆ ಅಂತಾರೆ. ಅಪ್ಪ ಕೂರಿಗೆ ಹಿಡಿದರೆ ಸಡ್ಡೆ ಹಿಡಿಯುವವರು ನಮ್ಮಮ್ಮ. ಮಡಿಲಲ್ಲಿ ಕಾಳು. ಯಾವ ಸಾಲಿಗೆ ಯಾವ ಕಾಳು ಅನ್ನುವುದು ಅವರ ತೀರ್ಮಾನ, ಅಪ್ಪ ಕೇಳಿದವರೇ ಅಲ್ಲ.

ನಾನು ಜಮೀನು ನೋಡಿಕೊಳ್ಳಲು ಶುರು ಮಾಡಿದ ಮೇಲೆ ಸಡ್ಡೆ ಅಟ್ಟ ಸೇರಿತು. ಕಾರಣ ಇಲ್ಲದೆ ಅಲ್ಲ. ಟ್ರ್ಯಾಕ್ಟರ್ ಬಂತು, ಎತ್ತು ಹೋದವು. ರಾಗಿ ಕೊಯ್ಲಿಗೆ ಬಂದಾಗ ಅವರೆ ಇನ್ನೂ ಹೂವಲ್ಲಿರುತ್ತೆ, ಮೆಷಿನ್ ಬಿಡೋಕಾಗಲ್ಲ. ಜಿಪಿಯು-28 ರಾಗಿ ಬೆಂಕಿ ರೋಗ ತಡೆದುಕೊಂಡು ಒಳ್ಳೆ ಇಳುವರಿ ಕೊಡುತ್ತಿತ್ತು, "ಬರೀ ರಾಗಿ ಹಾಕಿದರೆ ಇನ್ನೆರಡು ಮೂಟೆ" ಅನ್ನುವ ಆಸೆ. ಅವರೆ ಬೇಕಾದರೆ ಬೇರೆ ಅರ್ಧ ಎಕರೆಯಲ್ಲಿ ಅದನ್ನೊಂದೇ ಹಾಕೋಣ ಅಂದುಕೊಂಡೆ. "ಹೊಲ ಬೋಳುಬೋಳಾಗಿ ಐತಲ್ಲೋ" ಅಂದರು ಅಮ್ಮ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

2012ರಲ್ಲಿ ಆ ಅರ್ಧ ಎಕರೆ ಅವರೆಯ ಕುಡಿ, ಹೂಗೊಂಚಲಿನ ತುಂಬ ಕರಿ ಹೇನು ಕೂತಿತು. ಜೊತೆಗೇ ಮೊಸಳೆ ಮರಿಯಂಥ ಕಪ್ಪು ಹುಳ, ಮೈಮೇಲೆ ಕೇಸರಿ ಚುಕ್ಕಿ, ಕುಡಿಯ ಮೇಲೆಲ್ಲ ಓಡಾಡುತ್ತಿತ್ತು. ಹೇನಿಗಿಂತ ಅದನ್ನು ನೋಡಿಯೇ ಹೆದರಿದೆ. ಅಂಗಡಿಯವರು ಕೊಟ್ಟ ಔಷಧಿ ಹೊಡೆದೆ. ಎರಡೂ ಸತ್ತವು. ಹತ್ತು ದಿನಕ್ಕೆ ಹೇನು ಮಾತ್ರ ಮೊದಲಿಗಿಂತ ಹೆಚ್ಚಾಗಿ ಬಂತು. ಮತ್ತೆ ಹೊಡೆದೆ. ಹೀಗೆ ನಾಲ್ಕು ಸಲ. ಆ ವರ್ಷ ಅವರೆಕಾಯಿ ಮಾರಿದ ದುಡ್ಡು ಔಷಧಿ ಅಂಗಡಿಯ ಬಾಕಿಗೂ ಸಾಲಲಿಲ್ಲ.

ಆ ಕಪ್ಪು ಮೊಸಳೆ ಮರಿ ಗುಲಗಂಜಿ ಹುಳದ ಮರಿ ಅಂತ ಗೊತ್ತಾಗಿದ್ದು ಮುಂದಿನ ವರ್ಷ, ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋದಾಗ. ಕೆಂಪು ಬೆನ್ನಿನ ಮೇಲೆ ಕರಿ ಚುಕ್ಕಿಯ ದುಂಡು ಹುಳ ಎಲ್ಲರಿಗೂ ಗೊತ್ತು. ಅದರ ಮರಿಯನ್ನು ಗುರುತಿಸುವವರು ನಮ್ಮೂರಲ್ಲಿ ಯಾರೂ ಇರಲಿಲ್ಲ. ಈ ಮರಿ ಬೆಳೆದು ದೊಡ್ಡದಾಗುವಷ್ಟರಲ್ಲಿ ನೂರಾರು ಹೇನು ತಿನ್ನುತ್ತೆ. ನಾನು ಕೊಂದದ್ದು ನನ್ನ ಆಳನ್ನೇ.

ಔಷಧಿ ಹೊಡೆದ ಮೇಲೆ ಹೇನೇ ಯಾಕೆ ಮೊದಲು ಬರುತ್ತೆ ಅನ್ನುವ ಲೆಕ್ಕವನ್ನೂ ಅಲ್ಲೇ ಕಲಿತೆ. ಹೇನಿಗೆ ಗಂಡು ಬೇಡ, ಮೊಟ್ಟೆಯೂ ಬೇಡ. ಹೆಣ್ಣು ನೇರ ಮರಿ ಹಾಕುತ್ತೆ, ಆ ಮರಿ ಒಂದು ವಾರ ಹತ್ತು ದಿನದಲ್ಲಿ ತಾನೇ ಮರಿ ಹಾಕಲು ತಯಾರು. ಗುಲಗಂಜಿ ಹುಳಕ್ಕೆ ಮೊಟ್ಟೆಯಿಂದ ಹುಳವಾಗಲು ಸುಮಾರು ಮೂರು ವಾರ ಬೇಕು. ಜೊತೆಗೆ ತಿನ್ನಲು ಹೇನು ಇದ್ದರೆ ಮಾತ್ರ ಅದು ಆ ಜಾಗಕ್ಕೆ ಬರೋದು. ಇಬ್ಬರನ್ನೂ ಒಟ್ಟಿಗೆ ಸಾಯಿಸಿದರೆ ಓಟದಲ್ಲಿ ಯಾವಾಗಲೂ ಹೇನೇ ಮುಂದೆ. ಹಾಗಾದರೆ ಅವರೆಗೆ ಹೇನು ಬರುವ ಮೊದಲೇ ಗುಲಗಂಜಿ ಹುಳ ಹೊಲದಲ್ಲಿ ಮನೆ ಮಾಡಿಕೊಂಡಿರಬೇಕು. ಬರೀ ರಾಗಿ, ಬರೀ ಅವರೆ ಹಾಕಿದ ಹೊಲದಲ್ಲಿ ಅದಕ್ಕೆ ಆಷಾಢದಿಂದ ಕಾರ್ತೀಕದವರೆಗೆ ತಿನ್ನಲು ಏನಿರುತ್ತೆ?

2014ರಲ್ಲಿ ಸಡ್ಡೆ ಅಟ್ಟದಿಂದ ಇಳಿಯಿತು.

ನನ್ನ ಸಾಲುಗಳು

ಬಾಡಿಗೆ ಎತ್ತಿನ ಕೂರಿಗೆಯಲ್ಲಿ ಬಿತ್ತನೆ, ಜುಲೈ ಎರಡನೇ ಮೂರನೇ ವಾರ. ಎಂಟು ಸಾಲು ರಾಗಿಗೆ ಒಂದು ಅಕ್ಕಡಿ ಸಾಲು. ಒಂದು ಅಕ್ಕಡಿ ಸಾಲು ಅವರೆ, ಅದರಾಚೆಯದು ತೊಗರಿ, ಮತ್ತೆ ಅವರೆ. ಅವರೆ ಸಾಲಿನಲ್ಲಿ ಅಲಸಂದೆ ಬೆರೆಸುತ್ತೇವೆ. ತೊಗರಿ ಸಾಲಿನಲ್ಲಿ ಹತ್ತು ಹೆಜ್ಜೆಗೊಂದರಂತೆ ಜೋಳದ ಕಾಳು ಬೀಳುತ್ತೆ. ಹುಚ್ಚೆಳ್ಳು ನಾಲ್ಕು ಅಕ್ಕಡಿ ಸಾಲಿಗೆ ಒಂದರಲ್ಲಿ ಮಾತ್ರ. ಎಕರೆಗೆ ನಾನು ಹಾಕುವುದು ರಾಗಿ 4 ಕೆ.ಜಿ., ಅವರೆ 2 ಕೆ.ಜಿ., ತೊಗರಿ 1 ಕೆ.ಜಿ., ಅಲಸಂದೆ ಅರ್ಧ ಕೆ.ಜಿ., ಜೋಳ 100 ಗ್ರಾಂ, ಹುಚ್ಚೆಳ್ಳು 100 ಗ್ರಾಂ. ಹುಚ್ಚೆಳ್ಳನ್ನು ಮರಳಿನ ಜೊತೆ ಬೆರೆಸಿ ಬಿಡಬೇಕು, ಇಲ್ಲದಿದ್ದರೆ ಒಂದೇ ಕಡೆ ಸುರಿದುಹೋಗುತ್ತೆ. ನಮ್ಮ ಭಾವ ಹಾಕಿದ್ದು ಎಕರೆಗೆ ಎರಡು ಕೆ.ಜಿ.! ಹುಚ್ಚೆಳ್ಳು ಸಣ್ಣ ಕಾಳು, ಕೈಯಲ್ಲಿ ಹಿಡಿದರೆ ಕಡಿಮೆ ಅನ್ನಿಸುತ್ತೆ, ಅಲ್ಲೇ ಮೋಸ.

ಇಷ್ಟೆಲ್ಲ ಬೇಡ, ರಾಗಿ ಜೊತೆ ತೊಗರಿ ಒಂದು ಸಾಕು ಅನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ. ಬರಗಾಲಕ್ಕೆ ಅದು ಒಳ್ಳೆ ಜೋಡಿ. ಹುಳದ ಮಟ್ಟಿಗೆ ನನಗೆ ನಮ್ಮಮ್ಮನ ಸಾಲುಗಳೇ ಹೆಚ್ಚು ಕೆಲಸಕ್ಕೆ ಬಂದಿವೆ, ಯಾಕೆ ಅಂದರೆ ಅಲ್ಲಿ ಒಂದಾದ ಮೇಲೊಂದು ಬಾಗಿಲು ತೆರೆಯುತ್ತೆ.

ಮೊದಲ ಬಾಗಿಲು ಅಲಸಂದೆ. ಬಿತ್ತಿ ಮೂವತ್ತು ನಲವತ್ತು ದಿನಕ್ಕೆ ಅದಕ್ಕೆ ಹೇನು ಬರುತ್ತೆ. ಬರಲಿ. ಅದರ ಹಿಂದೆಯೇ ಗುಲಗಂಜಿ ಹುಳ ಬಂದು ಹಳದಿ ಮೊಟ್ಟೆ ಗೊಂಚಲು ಇಡುತ್ತೆ. ಅಲಸಂದೆಗೆ ಔಷಧಿ ಹೊಡೆಯಬಾರದು, ಅದು ಹುಳ ಸಾಕುವ ತೊಟ್ಟಿಲು. ನಾಲ್ಕು ಕಾಯಿ ಕಡಿಮೆ ಸಿಗಬಹುದು ಅಷ್ಟೆ. ಅಲಸಂದೆ ಒಣಗುವ ಹೊತ್ತಿಗೆ ಜೋಳದ ಎಲೆಯಡಿ ಬೇರೆ ಥರದ ಹೇನು ಇರುತ್ತೆ, ಗುಲಗಂಜಿ ಹುಳ ಅಲ್ಲಿಗೆ ಹೋಗುತ್ತೆ. ಅಷ್ಟರಲ್ಲಿ ಹುಚ್ಚೆಳ್ಳು ಹೂ. ಅಕ್ಟೋಬರ್ ಕೊನೆ, ನವೆಂಬರಿಗೆ ಅವರೆ ಕುಡಿಯಲ್ಲಿ ಕರಿ ಹೇನು ಕೂರುವಾಗ ತಿನ್ನುವವರು ಹೊಲದಲ್ಲೇ ಇರುತ್ತಾರೆ. ನಾನು ಕಣ್ಣಾರೆ ನೋಡಿದ ಕ್ರಮ ಇದು. ವರ್ಷದ ಮಳೆ ನೋಡಿಕೊಂಡು ಒಂದೆರಡು ವಾರ ಹಿಂದೆ ಮುಂದೆ ಆಗುತ್ತೆ.

ಹುಚ್ಚೆಳ್ಳಿನ ಹೂವಿಗೆ ಜೇನು ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಹೂವಿನ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದು ಬೀಡಿ ಸೇದುವಷ್ಟು ಹೊತ್ತು ನೋಡಿ (ಬೀಡಿ ಬೇಡ, ಹೊಗೆಗೆ ಓಡಿಹೋಗುತ್ತವೆ). ಜೇನಲ್ಲದ ಇನ್ನೂ ಎಷ್ಟೋ ಬರುತ್ತವೆ. ಹಳದಿ ಕಪ್ಪು ಪಟ್ಟೆಯ, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ನೊಣ ಒಂದಿದೆ. ದೊಡ್ಡದಾದ ಮೇಲೆ ಅದು ತಿನ್ನುವುದು ಮಕರಂದ, ಪರಾಗ. ಅದರ ಮರಿ ಕಾಲಿಲ್ಲದ ಹಸಿರು ಜಿಗಣೆಯಂತಿದ್ದು ಹೇನನ್ನು ಎತ್ತಿ ಎತ್ತಿ ಹೀರುತ್ತೆ. ಸೊಳ್ಳೆಗಿಂತ ಸಣ್ಣ ಕಣಜಗಳೂ ಬರುತ್ತವೆ. ಕೆಲವು ಹುಳದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತವೆ, ಕೆಲವು ಹುಳದ ಮೈಯೊಳಗೇ. ಇವಕ್ಕೆಲ್ಲ ದೊಡ್ಡವಾದ ಮೇಲೆ ಊಟ ಹೂವಿನಲ್ಲಿ. ರಾಗಿ ಹೂವಿನಿಂದ ಇವುಗಳ ಹೊಟ್ಟೆ ತುಂಬಲ್ಲ.

ಒಂದೇ ಹುಳಕ್ಕೆ ನಾಲ್ಕು ಮನೆ

ಭಾವನ ಹೊಲದ ದೊಡ್ಡ ತೊಂದರೆ ಇದು. ಹಸಿರು ಕಾಯಿಕೊರಕ ಅಂತೀವಲ್ಲ, ಅದು ತೊಗರಿ ತಿನ್ನುತ್ತೆ, ಕಡಲೆ ತಿನ್ನುತ್ತೆ, ಅವರೆ, ಟೊಮೆಟೊ, ಹತ್ತಿ, ಸೂರ್ಯಕಾಂತಿ, ಜೋಳದ ತೆನೆ, ಎಲ್ಲವನ್ನೂ ತಿನ್ನುತ್ತೆ. ನಮ್ಮ ಕಣ್ಣಿಗೆ ಇವು ಏಳು ಬೆಳೆ, ಅದರ ಹೊಟ್ಟೆಗೆ ಒಂದೇ ಬೆಳೆ. ತೊಗರಿ ಪಕ್ಕ ಟೊಮೆಟೊ ಇಟ್ಟವರು ಪತಂಗಕ್ಕೆ ಒಂದು ಮನೆ ಬೇಸರವಾದರೆ ಇನ್ನೊಂದು ಮನೆ ಕಟ್ಟಿಕೊಟ್ಟ ಹಾಗೆ. ಯಾವ ಬೆಳೆ ಜೊತೆ ಯಾವುದು ಅಂತ ತೀರ್ಮಾನಿಸುವ ಮೊದಲು ಎರಡಕ್ಕೂ ಬರುವ ಮುಖ್ಯ ಹುಳ ಒಂದೇನಾ ಅಂತ ಕೇಳಿಕೊಳ್ಳಬೇಕು. ಬದನೆ ಜೊತೆ ಆಲೂಗೆಡ್ಡೆ ಇಡುವವರು, ಹತ್ತಿ ಜೊತೆ ಬೆಂಡೆ ಇಡುವವರು ಕೂಡ ಯೋಚಿಸಬೇಕಾದ ಮಾತು.

"ಹಾಗಾದರೆ ನೀನು ಅವರೆ ತೊಗರಿ ಒಟ್ಟಿಗೆ ಹಾಕ್ತೀಯಲ್ಲ?" ಅಂತ ಭಾವ ಕೇಳಿದರು. ನ್ಯಾಯವಾದ ಪ್ರಶ್ನೆ. ನಮ್ಮ ಹೊಲದಲ್ಲಿ ಎರಡಕ್ಕೂ ಕಾಯಿಕೊರಕ ಬರುತ್ತೆ, ಇಲ್ಲ ಅಂತ ಹೇಳಲ್ಲ. ಎರಡರ ನಡುವೆ ಎಂಟು ಸಾಲು ರಾಗಿ ಇರುವುದರಿಂದ ಹುಳ ಗಿಡದಿಂದ ಗಿಡಕ್ಕೆ ನಡೆದು ಹೋಗುವುದು ಕಷ್ಟ. ಆದರೆ ಪತಂಗ ರಾತ್ರಿ ಹಾರಿ ಬರುತ್ತೆ, ಅದಕ್ಕೆ ರಾಗಿ ಸಾಲು ಬೇಲಿಯಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಹಕ್ಕಿ ಮತ್ತು ನಮ್ಮ ಕೈ.

ಜೋಳ ಇರುವುದು ಹಕ್ಕಿಗಾಗಿ. ತೊಗರಿಗಿಂತ ಎತ್ತರ ಬೆಳೆದ ಜೋಳದ ದಂಟಿನ ಮೇಲೆ ಕಾಜಾಣ, ಗೊರವಂಕ ಕೂತು ಕೆಳಗೆ ನೋಡುತ್ತವೆ. ತೆನೆ ಕಾಳನ್ನು ಗಿಣಿ, ಗುಬ್ಬಿ ತಿಂದುಹೋಗುತ್ತವೆ, ಅದನ್ನು ಅವುಗಳ ಕೂಲಿ ಅಂತ ಬಿಟ್ಟಿದ್ದೇನೆ. ದಂಟನ್ನು ಮಾತ್ರ ಕೊಯ್ಯುವುದಿಲ್ಲ, ತೊಗರಿ ಮುಗಿಯುವವರೆಗೆ ನಿಂತಿರಲಿ. ಇನ್ನೊಂದು ವಿಷಯ. ಜೋಳದ ತೆನೆಯಲ್ಲಿ ಕಾಯಿಕೊರಕದ ಮೊಟ್ಟೆಗಳನ್ನು ಟ್ರೈಕೋಗ್ರಾಮ ಅನ್ನುವ ಸಣ್ಣ ಕಣಜ ಚೆನ್ನಾಗಿ ನಾಶ ಮಾಡುತ್ತೆ, ಅದು ಪಕ್ಕದ ತೊಗರಿಗೂ ಹೋಗಿ ಕೆಲಸ ಮಾಡುತ್ತೆ ಅಂತ ನಾನು ನಂಬಿದ್ದೆ. ಹೈದರಾಬಾದಿನ ಹತ್ತಿರ ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಜೋಳ–ತೊಗರಿ ಮಿಶ್ರ ಬೆಳೆಯಲ್ಲಿ ಇದನ್ನೇ ನೋಡಿದ್ದಾರೆ. ಜೋಳದ ಮೇಲಿನ ಮೊಟ್ಟೆಗೆ ಕಣಜ ಬಿದ್ದಷ್ಟು ತೊಗರಿ ಮೇಲಿನ ಮೊಟ್ಟೆಗೆ ಬೀಳುವುದಿಲ್ಲ. ತೊಗರಿ ಕಾಯಿ ಹೂವಿನ ರೋಮ, ಅಂಟು ಆ ಸಣ್ಣ ಕಣಜಕ್ಕೆ ಆಗಿಬರುವುದಿಲ್ಲ. ಜೋಳದಿಂದ ನಾವು ಹಕ್ಕಿಯನ್ನು ಕೇಳಬಹುದು, ಅದಕ್ಕಿಂತ ಹೆಚ್ಚಿನದನ್ನು ತೊಗರಿಯ ಮಟ್ಟಿಗೆ ಕೇಳಬಾರದು.

ಕೈ ಕೆಲಸ ಅಂದರೆ ಜಾಡಿಸುವುದು. ಕಲಬುರಗಿ ಕಡೆ ತೊಗರಿ ಬೆಳೆಗಾರರು ಮಾಡುತ್ತಿದ್ದ ಉಪಾಯ ಇದು. ಬೆಳಗಿನ ಹೊತ್ತು ಇಬ್ಬರು ಸೀರೆಯನ್ನೋ ಗೋಣಿತಟ್ಟನ್ನೋ ಸಾಲಿನ ಪಕ್ಕ ಹಿಡಿಯಬೇಕು, ಮೂರನೆಯವರು ಗಿಡ ಬಾಗಿಸಿ ಮೆಲ್ಲಗೆ ಅಲ್ಲಾಡಿಸಬೇಕು. ಹುಳ ಪಟಪಟ ಬೀಳುತ್ತೆ. ನಮ್ಮ ಕೋಳಿಗಳಿಗೆ ಆ ಹದಿನೈದು ದಿನ ಹಬ್ಬ. ಪೂರ್ತಿ ತೊಗರಿ ಹಾಕಿದವರಿಗೆ ಇದು ದೊಡ್ಡ ಕೆಲಸ, ಎರಡು ಎಕರೆಯಲ್ಲಿ ಬೆರಳೆಣಿಕೆ ಸಾಲು ಇರುವ ನಮ್ಮಂಥವರಿಗೆ ಅರ್ಧ ದಿನದ ಕೆಲಸ. ಗಿಡದ ತುದಿಯಲ್ಲಿ ತಲೆಕೆಳಗಾಗಿ ನೇತಾಡುವ, ಮೈ ಕಪ್ಪಾಗಿ ಮೆತ್ತಗಾದ ಹುಳ ಸಿಕ್ಕರೆ ಅದನ್ನು ಕೀಳಬೇಡಿ. ಅದು ಎನ್‌ಪಿವಿ ಎಂಬ ಹುಳದ ರೋಗದಿಂದ ಸತ್ತದ್ದು. ಅದರ ಮೈ ಒಡೆದು ಎಲೆಗೆ ಬಿದ್ದ ನೀರು ತಿಂದ ಬೇರೆ ಹುಳಗಳಿಗೂ ಆ ರೋಗ ಬರುತ್ತೆ. ಎರಡು ಸಲ ಜಾಡಿಸಿದರೂ ಬಗ್ಗದಿದ್ದರೆ ಬೇವಿನ ಬೀಜದ ಕಷಾಯ ಹೊಡೆಯುತ್ತೇನೆ, 100 ಲೀಟರ್ ನೀರಿಗೆ 5 ಕೆ.ಜಿ. ಬೀಜದ ತಿರುಳಿನ ಪುಡಿ, ರಾತ್ರಿ ನೆನೆಸಿ ಸೋಸಿದ್ದು, ಸಂಜೆ ಹೊತ್ತು.

ಸೆಳೆಯುವ ಬೆಳೆ ಅಂದರೆ ಕಾವಲು ಬೇಕು

ಹರಳು, ಚೆಂಡುಹೂ, ಸಾಸಿವೆ, ಈ ಮೂರು ಹುಳವನ್ನು ಓಡಿಸುವುದಿಲ್ಲ. ಕರೆಯುತ್ತವೆ. ಇದನ್ನು ತಿಳಿಯದೆ ಹಾಕಿದರೆ ಹಾಕದೇ ಇರುವುದಕ್ಕಿಂತ ಕೆಟ್ಟದ್ದು. ನಾನು ಕೆಟ್ಟಿದ್ದೇನೆ, ಅದಕ್ಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ.

2016ರಲ್ಲಿ ತರಕಾರಿ ತಾಕಿನ ಅಂಚಿಗೆ ನಲವತ್ತು ಹರಳು ಗಿಡ ಹಾಕಿದೆ. ತಂಬಾಕಿನ ಎಲೆ ತಿನ್ನುವ ಹುಳದ ಪತಂಗಕ್ಕೆ ಹರಳೆಲೆ ಬಹಳ ಇಷ್ಟ, ಎಲೆಯ ಅಡಿಯಲ್ಲಿ ನೂರಾರು ಮೊಟ್ಟೆಯನ್ನು ಒಂದೇ ಗುಂಪಾಗಿಟ್ಟು ಮೇಲೆ ಕಂದು ರೋಮ ಮುಚ್ಚುತ್ತೆ. ಮೂರು ನಾಲ್ಕು ದಿನಕ್ಕೆ ಮರಿ. ಮೊದಲ ಕೆಲವು ದಿನ ಎಲ್ಲ ಮರಿಗಳೂ ಅದೇ ಎಲೆಯಲ್ಲಿ ಗುಂಪಾಗಿ ಹಸಿರು ಕೆರೆದು ತಿನ್ನುತ್ತವೆ, ಎಲೆ ಬಿಳಿ ಜಾಲರಿಯಂತೆ ದೂರಕ್ಕೇ ಕಾಣುತ್ತೆ. ಆ ಎಲೆ ಒಂದನ್ನು ಕಿತ್ತು ಮುದುರಿ ಸೋಪಿನ ನೀರಿಗೆ ಹಾಕಿದರೆ ನೂರಾರು ಹುಳ ಹೋದ ಹಾಗೆ. ಆ ವರ್ಷ ನಮ್ಮ ಮನೆಯಲ್ಲಿ ತಂಗಿ ಮದುವೆ. ಎರಡು ವಾರ ಹೊಲದ ಕಡೆ ತಲೆ ಹಾಕಲಿಲ್ಲ. ವಾಪಸ್ ಬಂದಾಗ ಹರಳಿನಲ್ಲಿ ದಂಟು ಮಾತ್ರ ಇತ್ತು, ಹುಳ ಪಕ್ಕದ ಎಲೆಕೋಸಿಗೆ ಇಳಿದಿತ್ತು. ದೊಡ್ಡದಾದ ಈ ಹುಳ ಹಗಲು ಮಣ್ಣಿನ ಬಿರುಕಲ್ಲಿ ಅಡಗಿ ರಾತ್ರಿ ತಿನ್ನುವುದರಿಂದ ಆಮೇಲೆ ಕೈಗೂ ಸಿಗಲ್ಲ, ಔಷಧಿಗೂ ಸುಲಭವಾಗಿ ಬಗ್ಗಲ್ಲ. ಕೋಸಿನಲ್ಲಿ ನನಗೆ ಉಳಿದದ್ದು ದನಕ್ಕೆ ಹಾಕುವಷ್ಟು. ವಾರಕ್ಕೆ ಎರಡು ಸಲ ಹರಳು ಗಿಡದ ಎಲೆ ಮಗುಚಿ ನೋಡಲು ಆಗುತ್ತೆ ಅನ್ನುವವರು ಮಾತ್ರ ಹರಳು ಹಾಕಿ. ನಾನು ಈಗ ಹತ್ತು ಗಿಡಕ್ಕಿಂತ ಹೆಚ್ಚು ಹಾಕುವುದಿಲ್ಲ.

ಟೊಮೆಟೊಗೆ ಚೆಂಡುಹೂ. ಇದು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದ ಕ್ರಮ. ಹದಿನಾರು ಸಾಲು ಟೊಮೆಟೊಗೆ ಒಂದು ಸಾಲು ಎತ್ತರ ಜಾತಿಯ ಚೆಂಡುಹೂ. ಗುಟ್ಟು ಇರುವುದು ಸಸಿಯ ವಯಸ್ಸಿನಲ್ಲಿ. ಟೊಮೆಟೊ ಸಸಿಗೆ 25 ದಿನ ಆಗಿದ್ದರೆ ಚೆಂಡುಹೂ ಸಸಿಗೆ 45 ದಿನ ಆಗಿರಬೇಕು, ಎರಡನ್ನೂ ಒಂದೇ ದಿನ ನಾಟಿ ಮಾಡಬೇಕು. ಆಗ ಎರಡೂ ಒಟ್ಟಿಗೆ ಮೊಗ್ಗಿಗೆ ಬರುತ್ತವೆ, ಕಾಯಿಕೊರಕದ ಪತಂಗ ಮೊಟ್ಟೆಯಿಡಲು ಚೆಂಡುಹೂ ಮೊಗ್ಗನ್ನು ಆರಿಸಿಕೊಳ್ಳುತ್ತೆ. ಮೊದಲ ವರ್ಷ ನಾನು ನರ್ಸರಿಯಿಂದ ಎರಡನ್ನೂ ಒಂದೇ ವಯಸ್ಸಿನದು ತಂದೆ. ಟೊಮೆಟೊ ಹೂ ಬಿಟ್ಟು ಕಾಯಾಗುವಾಗ ಚೆಂಡುಹೂ ಇನ್ನೂ ಎಲೆಯಲ್ಲಿತ್ತು. ನರ್ಸರಿಯಲ್ಲಿ 45 ದಿನದ ಸಸಿ ಸಿಗುವುದು ಕಷ್ಟ, ಮನೆಯಲ್ಲೇ ಮಡಿ ಮಾಡಿ ಮೊದಲೇ ಬಿತ್ತಿಕೊಳ್ಳಬೇಕು. ಹೂ ಬಿಟ್ಟ ಮೇಲೆ ಕೀಳುತ್ತಿರಬೇಕು, ಗಿಡದಲ್ಲಿ ಒಣಗಲು ಬಿಟ್ಟರೆ ಅದರೊಳಗಿನ ಹುಳ ಬೆಳೆಯುತ್ತೆ. ಆಯುಧಪೂಜೆ ದೀಪಾವಳಿಗೆ ಸರಿಯಾಗಿ ಬಂದರೆ ಹೂವಿನ ಜೊತೆ ಹುಳವೂ ಮಾರಾಟವಾಗುತ್ತೆ! ಚೆಂಡುಹೂವಿನ ಬೇರಿನಿಂದ ಬೇರುಗಂಟು ಮಾಡುವ ಜಂತುಹುಳದ ಕಾಟವೂ ತಗ್ಗುತ್ತೆ. ಆದರೆ ಒಂದು ಎಚ್ಚರಿಕೆ. 2014ರಲ್ಲಿ ನಮ್ಮ ದೇಶಕ್ಕೆ ಬಂದ, ಟೊಮೆಟೊ ಎಲೆಯಲ್ಲಿ ಸುರಂಗ ಕೊರೆದು ಕಾಯಿಗೆ ಸೂಜಿ ತೂತು ಮಾಡುವ ಸಣ್ಣ ಹುಳಕ್ಕೆ ಚೆಂಡುಹೂ ಏನೂ ಮಾಡದು. ಅದಕ್ಕೆ ಮೋಹಕ ಬಲೆ ಕಟ್ಟಿ, ಸುರಂಗ ಬಿದ್ದ ಎಲೆ ಕಿತ್ತು ಸುಡಬೇಕು.

ಎಲೆಕೋಸಿಗೆ ಸಾಸಿವೆ, ಇದೂ ಹೆಸರಘಟ್ಟದವರದ್ದೇ. ಇಪ್ಪತ್ತೈದು ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲನ್ನು ಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ ಬಿತ್ತಬೇಕು, ಮೊದಲನೆಯದು ಮುದಿಯಾಗುವಾಗ ಎರಡನೆಯದು ಎಳೆಯದಾಗಿ ಸಿದ್ಧವಿರಲಿ ಅಂತ. ವಜ್ರಬೆನ್ನಿನ ಪತಂಗದ ಮರಿ ಸಾಸಿವೆಯಲ್ಲಿ ಸೇರುತ್ತೆ. ಔಷಧಿ ಹೊಡೆಯುವುದಿದ್ದರೆ ಆ ಸಾಸಿವೆ ಸಾಲಿಗೆ ಮಾತ್ರ ಹೊಡೆದರೆ ಸಾಕು.

ಮುಸುಕಿನ ಜೋಳದ ವಿಚಾರ

ಹಿಂದೆ ಟೊಮೆಟೊ, ಮೆಣಸಿನಕಾಯಿ ಸುತ್ತ ಎರಡು ಮೂರು ಸಾಲು ಮುಸುಕಿನ ಜೋಳ ಹಾಕಿ ಅಂತ ಹೇಳುತ್ತಿದ್ದರು, ಬಿಳಿನೊಣ ಸುಲಭವಾಗಿ ಒಳಗೆ ಬರದಿರಲಿ ಅಂತ. ಒಳ್ಳೆ ಮಾತೇ. ಆದರೆ 2018ರ ಮೇ ತಿಂಗಳಲ್ಲಿ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳ ದೇಶದಲ್ಲೇ ಮೊದಲ ಸಲ ಕಂಡ ಮೇಲೆ ನಮ್ಮಲ್ಲಿ ಲೆಕ್ಕ ಬದಲಾಯಿತು. ಅದಕ್ಕೆ ಎಲ್ಲಕ್ಕಿಂತ ಇಷ್ಟ ಮುಸುಕಿನ ಜೋಳ, ಅಲ್ಲಿಂದ ಜೋಳ ರಾಗಿಗೂ ಬರಬಲ್ಲದು. ರಾಗಿ ಹೊಲದ ಬದುವಿಗೆ ನಾನು ಈಗ ಮುಸುಕಿನ ಜೋಳ ಹಾಕುವುದಿಲ್ಲ. ತರಕಾರಿ ಸುತ್ತ ಬೇಲಿ ಬೇಕಾದಾಗ ಸಜ್ಜೆಯನ್ನೋ ಬಿಳಿ ಜೋಳವನ್ನೋ ನಾಟಿಗೆ ಮೂರು ವಾರ ಮೊದಲು ಒತ್ತಾಗಿ ಬಿತ್ತುತ್ತೇನೆ, ಆಗಲೂ ಸುಳಿ ನೋಡುತ್ತಿರುತ್ತೇನೆ. ಹಿಂದಿನವರು ಮಾಡಿದ್ದೆಲ್ಲ ಇವತ್ತಿಗೂ ಹಾಗೇ ನಡೆಯುತ್ತೆ ಅನ್ನುವವನಲ್ಲ ನಾನು. ಹಿಂದಿನವರ ಕಾಲದಲ್ಲಿ ಈ ಹುಳ ಇರಲಿಲ್ಲ.

ಖರ್ಚು, ಕೂಲಿ, ಕಷ್ಟ

ಅಕ್ಕಡಿಯಲ್ಲಿ ರಾಗಿ ಇಳುವರಿ ಬರೀ ರಾಗಿಗಿಂತ ಕಡಿಮೆ. ಒಳ್ಳೆ ಮಳೆ ವರ್ಷ ನನಗೆ ಎಕರೆಗೆ ಎರಡು ಮೂಟೆ ಕಮ್ಮಿ ಆಗುತ್ತೆ. ರಾಗಿಯನ್ನು ಕುಡುಗೋಲಿನಲ್ಲೇ ಕೊಯ್ಯಬೇಕು, ಅವರೆ ಬಳ್ಳಿ ತುಳಿಯಬಾರದು ಅಂತ ಕೂಲಿಯವರಿಗೆ ಹತ್ತು ಸಲ ಹೇಳಬೇಕು. ಕೊಯ್ಲು ನವೆಂಬರಿನಿಂದ ಫೆಬ್ರವರಿವರೆಗೆ ಎಳೆಯುತ್ತೆ. ಮನೆಯಲ್ಲಿ ಇಬ್ಬರಾದರೂ ಹೊಲಕ್ಕೆ ಹೋಗುವವರು ಇರಬೇಕು. ಊರಲ್ಲಿ ಇರದೆ ಭಾನುವಾರಕ್ಕೊಮ್ಮೆ ಬಂದು ಹೋಗುವವರು ಇದನ್ನು ಮಾಡಬೇಡಿ ಅಂತಲೇ ಹೇಳುತ್ತೇನೆ.

2023ನ್ನು ಮಾತ್ರ ಮರೆಯಲಾಗುವುದಿಲ್ಲ. ಆಗಸ್ಟ್ ಪೂರ್ತಿ ಮಳೆ ಇಲ್ಲ, ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಸಾರಿತು. ನಮ್ಮ ರಾಗಿ ಎರಡು ಎಕರೆಗೆ ಐದು ಮೂಟೆ, ಅದೂ ಜೊಳ್ಳು ಬೆರೆತದ್ದು. ತೊಗರಿಯ ಬೇರು ಆಳ, ಅದು ಉಳಿಯಿತು. ತಡವಾಗಿ ಬಂದ ಎರಡು ಸೋನೆಗೆ ಅವರೆ ಚೇತರಿಸಿಕೊಂಡು ಹೂ ಕಟ್ಟಿತು. ಸೊಗಡು ಕಾಯಿಯನ್ನು ಮಗಳು ಮತ್ತು ಅವಳಮ್ಮ ಬೆಳಗಿನ ಬಸ್ಸಿನಲ್ಲಿ ತುಮಕೂರಿಗೆ ಒಯ್ದು ಮಾರಿದರು. ದೊಡ್ಡ ದುಡ್ಡಲ್ಲ. ಸಂಘದ ಕಂತು, ಮಗಳ ಕಾಲೇಜಿನ ಬಸ್ ಪಾಸ್, ಉಪ್ಪು ಎಣ್ಣೆಗೆ ಆಯಿತು. ಆ ವರ್ಷ ನಾನು ಅಂಗಡಿಯಿಂದ ಒಂದು ಬಾಟಲಿ ಔಷಧಿಯನ್ನೂ ತಂದಿರಲಿಲ್ಲ, ಹಾಗಾಗಿ ತೀರಿಸಬೇಕಾದ ಬಾಕಿಯೂ ಇರಲಿಲ್ಲ.

ಈಗ ಭಾವನ ಹೊಲಕ್ಕೆ ಬರುತ್ತೇನೆ. ಅವತ್ತು ಮಾಡಬಹುದಾಗಿದ್ದು ಸ್ವಲ್ಪವೇ. ಹರಳಿನ ಉಳಿದ ಎಲೆ ಕಿತ್ತು ಸುಟ್ಟೆವು, ತೊಗರಿ ಜಾಡಿಸಿದೆವು, ಟೊಮೆಟೊ ತೂತು ಕಾಯಿಗಳನ್ನು ಆರಿಸಿ ಗುಂಡಿಗೆ ಹಾಕಿ ಮುಚ್ಚಿದೆವು. ಉಳಿದ ಕಾಯಿಯಲ್ಲಿ ಸಾಲದ ಅರ್ಧ ಬಂತು ಅಂತ ಆಮೇಲೆ ತಿಳಿಯಿತು.

ಮುಂದಿನ ಬಿತ್ತನೆಗೆ ಹೊಸ ಕ್ರಮ ಹಾಕಿಕೊಂಡಿದ್ದೇವೆ. ಟೊಮೆಟೊ ತೊಗರಿಯಿಂದ ದೂರ, ಬೋರ್‌ವೆಲ್ ಹತ್ತಿರದ ಮೂಲೆಗೆ. ನಡುವೆ ರಾಗಿ. ಚೆಂಡುಹೂ ಬೀಜ ನಾನೇ ಕೊಟ್ಟಿದ್ದೇನೆ, ಮಡಿಗೆ ಬಿತ್ತುವ ತಾರೀಖನ್ನು ಅವರ ಮನೆ ಕ್ಯಾಲೆಂಡರಿನಲ್ಲಿ ಬರೆದು ಬಂದಿದ್ದೇನೆ. ಮುಸುಕಿನ ಜೋಳ ಇಲ್ಲ. ಹುಚ್ಚೆಳ್ಳು ಎಕರೆಗೆ ಒಂದು ಟೀ ಲೋಟಕ್ಕಿಂತ ಕಡಿಮೆ. ಹರಳು ಪೂರ್ತಿ ಬೇಡ ಅಂದರು ಭಾವ. ಒಳಗಿನಿಂದ ಅಕ್ಕ, "ಎಂಟು ಗಿಡ ಹಾಕಿ. ಸೋಮವಾರ ಗುರುವಾರ ಹಸು ಮೇಯಿಸೋಕೆ ಆ ಬದುಗೇ ಹೋಗ್ತೀನಲ್ಲ, ಎಲೆ ಮಗುಚಿ ನೋಡ್ತೀನಿ. ಆ ಮೊಟ್ಟೆ ಹೆಂಗಿರುತ್ತೆ ಅಂತ ನಂಗೂ ಒಂದ್ಸಲ ತೋರ್ಸು" ಅಂದರು.